‘ನೀವು ಕ್ರಿಶ್ಚಿಯನ್ನಾ? ಗೊತ್ತೇ ಆಗಲ್ಲ!’: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರ್ಕಳ ಕಡೆಯವಳು, ಕೆಥೋಲಿಕ್. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಆಫೀಸಿನ ಊಟದ ಟೇಬಲ್ಲು, ಮದುವೆ ಮನೆ, ರಾತ್ರಿ ರೈಲು, ಅಪಾರ್ಟ್‌ಮೆಂಟಿನ ಲಿಫ್ಟು, ಎಲ್ಲಿ ಹೋದರೂ ನನ್ನ ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಕೆಲವರಿಗೆ ಕುತೂಹಲ, ಕೆಲವರಿಗೆ ಕಾಲೆಳೆಯುವ ಖುಷಿ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಉತ್ತರಗಳು ನನ್ನವು. ಎಲ್ಲ ಕ್ರೈಸ್ತರ ಪರವಾಗಿ ಮಾತಾಡಲು ನನಗೆ ಯಾರೂ ಅಧಿಕಾರ ಕೊಟ್ಟಿಲ್ಲ.

## ಹೊಸ ಪರಿಚಯದಲ್ಲಿ

"ನೀವು ಕ್ರಿಶ್ಚಿಯನ್ನಾ? ನೋಡಿದ್ರೆ ಗೊತ್ತೇ ಆಗಲ್ಲ!"

ಇದನ್ನು ಹೊಗಳಿಕೆ ಅಂದುಕೊಂಡೇ ಹೇಳುತ್ತಾರೆ. ನಾನೂ ನಗುತ್ತೇನೆ. ನೋಡಿದರೆ ಗೊತ್ತಾಗಬೇಕು ಅಂತ ಯಾಕೆ ಅನ್ನಿಸುತ್ತದೋ! ನಮ್ಮ ಕಡೆ ಕೆಥೋಲಿಕ್ ಮದುವೆಯಲ್ಲಿ ಹೆಣ್ಣಿಗೆ ಕರಿಮಣಿ ಇದೆ. ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಮನೆಗೆ ತರುತ್ತೇವೆ. ಅವತ್ತು ಬಾಳೆ ಎಲೆ ಊಟ, ಮೀನು ಮಾಂಸ ಇಲ್ಲ. ತುಳುವಿನಲ್ಲಿ ನಮ್ಮನ್ನು ‘ಪೊರ್ಬುಳು’ ಅನ್ನುತ್ತಾರೆ, ‘ಪ್ರಭು’ವಿನಿಂದ ಬಂದ ಮಾತು. ಇಷ್ಟೆಲ್ಲಾ ಊರಿನ ಮಣ್ಣು ಮೆತ್ತಿಕೊಂಡವರು ನೋಡಲು ಬೇರೆ ಹೇಗಿರಲು ಸಾಧ್ಯ?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87. ನೂರು ಜನರಲ್ಲಿ ಇಬ್ಬರೂ ಇಲ್ಲ. ಹಾಗಾಗಿ ತುಂಬ ಜನರಿಗೆ ಗೊತ್ತಿರುವ ಕ್ರಿಶ್ಚಿಯನ್ ಅಂದರೆ ಸಿನಿಮಾದಲ್ಲಿ ಕಂಡವರು, ಇಲ್ಲವೇ ಬಾಗಿಲು ತಟ್ಟಿ ಕರಪತ್ರ ಕೊಟ್ಟವರು. ನಾನು ಎರಡೂ ಅಲ್ಲದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ.

"ಆರ್‌ಸಿ, ಸಿಎಸ್‌ಐ, ಪೆಂಟೆಕೋಸ್ಟ್... ಎಲ್ಲಾ ಒಂದೇ ತಾನೇ?"

ನಂಬುವ ಯೇಸು ಒಬ್ಬರೇ. ಉಳಿದದ್ದು ತುಂಬ ಬೇರೆ. ನಾವು ಆರ್‌ಸಿ, ಅಂದರೆ ರೋಮನ್ ಕೆಥೋಲಿಕರು; ನಮ್ಮಲ್ಲಿ ಪಾದ್ರಿ, ಪೂಜೆ, ಮಾತೆ ಮರಿಯಳ ಹಬ್ಬ. ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಪಂಗಡಗಳು ಸೇರಿ 1947ರಲ್ಲಿ ಆದ ಸಭೆ. ಮಂಗಳೂರು, ಧಾರವಾಡ ಕಡೆ ಅದರ ಬೇರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನಲ್ಲಿದೆ. ಪೆಂಟೆಕೋಸ್ಟ್ ಸಭೆಗಳಲ್ಲಿ ಹಾಡು ಜೋರು, ಪ್ರಾರ್ಥನೆ ಜೋರು, ಸಾಕ್ಷಿ ಹೇಳುವುದು, ಅಂದರೆ ತಮ್ಮ ನಂಬಿಕೆಯನ್ನು ಬೇರೆಯವರಿಗೆ ತಿಳಿಸುವುದು, ದೊಡ್ಡ ಕರ್ತವ್ಯ. ‘ನಿಮ್ಮವರು ಹೀಗೆ ಮಾಡಿದ್ರು’ ಅಂತ ನನಗೆ ಬೈಯುವ ಮುಂಚೆ ಯಾವ ನಮ್ಮವರು ಅಂತ ಕೇಳಬೇಕಾಗುತ್ತದೆ. ಹಾಗಂತ ‘ಅದು ನಾವಲ್ಲಪ್ಪ, ಅವರು’ ಅಂತ ಬೆರಳು ತೋರಿಸಿ ಜಾರಿಕೊಳ್ಳುವುದೂ ನನಗೆ ಇಷ್ಟವಿಲ್ಲ. ಪೆಂಟೆಕೋಸ್ಟ್‌ನವರಲ್ಲಿ ನನಗಿಂತ ಮೆತ್ತಗಿನವರನ್ನು ನೋಡಿದ್ದೇನೆ. ನಮ್ಮಲ್ಲಿ ಜೋರಿನವರೂ ಇದ್ದಾರೆ.

"ಪ್ರಸಾದ ಕೊಟ್ರೆ ತಗೋತೀರಾ? ಬೇಜಾರಾಗುತ್ತಾ?"

ನಾನು ತೆಗೆದುಕೊಳ್ಳುತ್ತೇನೆ. ರಾಮನವಮಿಯ ಪಾನಕ, ಕೋಸಂಬರಿಗೆ ಕಾಯುತ್ತೇನೆ ಅಂದರೂ ಸರಿಯೇ. ಆದರೆ ತೆಗೆದುಕೊಳ್ಳದ ಕ್ರೈಸ್ತರೂ ಇದ್ದಾರೆ. ಅದು ಸೊಕ್ಕು ಅಲ್ಲ. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದಾ ಅನ್ನುವ ಜಗಳ ಸುಮಾರು ಎರಡು ಸಾವಿರ ವರ್ಷ ಹಳೆಯದು. ಬೈಬಲ್‌ನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಇದಕ್ಕೇ ಪುಟಗಟ್ಟಲೆ ಬರೆದಿದ್ದಾನೆ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಕೇಳದೆ ಉಣ್ಣು, ಆದರೆ ಇನ್ನೊಬ್ಬನ ಮನಸ್ಸಾಕ್ಷಿಗೆ ಅದರಿಂದ ನೋವಾಗುವುದಾದರೆ ಬಿಡು ಅನ್ನುವುದು ಅವನ ಮಾತಿನ ಸಾರ. ಇದನ್ನೇ ಓದಿ ಒಬ್ಬರು ತಿನ್ನುತ್ತಾರೆ, ಒಬ್ಬರು ಬಿಡುತ್ತಾರೆ. ‘ಬೇಡ’ ಅಂದವರಿಗೆ ಎರಡನೇ ಸಲ ಕೊಡಬೇಡಿ, ಸಾಕು.

ಕುಂಕುಮದ ವಿಷಯವೂ ಹೀಗೇ. ಮುತ್ತೈದೆ ಅಂತ ಪ್ರೀತಿಯಿಂದ ಹಚ್ಚಿದರೆ ನಾನು ಹಣೆ ಒಡ್ಡುತ್ತೇನೆ. ನನ್ನ ಅತ್ತೆ ಒಡ್ಡುವುದಿಲ್ಲ, ಎರಡೂ ಕೈ ಜೋಡಿಸಿ ನಗುತ್ತಾರೆ. ಇವತ್ತಿನವರೆಗೂ ಯಾರೂ ಅವರ ಮೇಲೆ ಮುನಿಸಿಕೊಂಡದ್ದು ನೋಡಿಲ್ಲ.

"ಕ್ರಿಸ್‌ಮಸ್‌ಗೆ ನಿಮ್ಮ ಮನೆಗೆ ಬಂದ್ರೆ ಬೈಬಲ್ ಓದಿಸ್ತೀರಾ?"

ಇಲ್ಲ. ಕುಸ್ವಾರ್ ತಿನ್ನಿಸುತ್ತೇನೆ. ನೆವ್ರಿ, ಚಕ್ಕುಲಿ, ಲಾಡು ಒಂದು ತಟ್ಟೆ. ಮೊಟ್ಟೆ ಹಾಕಿದ ಕೇಕು, ರೋಸ್ ಕುಕ್ಕೀಸ್ ಬೇರೆ ತಟ್ಟೆ. ಮೊದಲ ತಟ್ಟೆಗೆ ಬೇರೆ ಎಣ್ಣೆ, ಬೇರೆ ಬಾಣಲೆ. ಮೇಲಿನ ಮನೆಯ ಅಜ್ಜಿಗೆ ಇದು ಗೊತ್ತಿರುವುದರಿಂದ ಧೈರ್ಯವಾಗಿ ತಿನ್ನುತ್ತಾರೆ, ಮೊಮ್ಮಕ್ಕಳಿಗೆ ಕಟ್ಟಿಸಿಕೊಂಡೂ ಹೋಗುತ್ತಾರೆ.

## ಸ್ವಲ್ಪ ಸಲಿಗೆ ಬಂದ ಮೇಲೆ

"ನಿಮ್ಮ ತಾತಂಗೆ ಎಷ್ಟು ದುಡ್ಡು ಕೊಟ್ಟು ಕನ್ವರ್ಟ್ ಮಾಡಿದ್ರು?"

ತಮಾಷೆಗೇ ಕೇಳುತ್ತಾರೆ, ಗೊತ್ತು. ಆದರೂ ಚುಚ್ಚುತ್ತದೆ. ತಾತ ಹುಟ್ಟುವ ನೂರಾರು ವರ್ಷ ಮೊದಲೇ ನಮ್ಮವರು ಕ್ರೈಸ್ತರು. ಮಂಗಳೂರು ಕಡೆಯ ಕೆಥೋಲಿಕರು ಹೆಚ್ಚಿನವರು ಗೋವಾದಿಂದ ಬಂದವರು, ಹದಿನಾರನೇ ಶತಮಾನದಿಂದ ಶುರುವಾಗಿ ಅಲೆ ಅಲೆಯಾಗಿ.

ಈಗ ನಿಜವನ್ನೂ ಹೇಳಬೇಕಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ನಡೆದದ್ದೆಲ್ಲ ಮೆತ್ತಗೆ ನಡೆಯಲಿಲ್ಲ. 1560ರಲ್ಲಿ ಅಲ್ಲಿ ಇನ್ಕ್ವಿಸಿಷನ್ ಅನ್ನುವ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬಂತು. ಪೂರ್ತಿ ಮುಚ್ಚಿದ್ದು 1812ರಲ್ಲಿ. ಕ್ರೈಸ್ತರಾದವರೂ ಅದರ ಕಣ್ಣು ತಪ್ಪಿಸಿ ಬದುಕಬೇಕಿತ್ತು. 1736ರಲ್ಲಿ ಹೊರಡಿಸಿದ ಆಜ್ಞೆಯೊಂದು ಮದುವೆಯ ಶಾಸ್ತ್ರ, ಉಡುಪಿನಂಥ ಹಳೆಯ ಪದ್ಧತಿಗಳಿಗೂ ಕೈ ಹಾಕಿತು. ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರಲ್ಲಿ ಇದರಿಂದ ಬೇಸತ್ತವರೂ ಇದ್ದರು. ಬರ, ಯುದ್ಧ, ಕಂದಾಯದ ಕಾರಣಕ್ಕೆ ಬಂದವರೂ ಇದ್ದರು. ಅಂದರೆ ಒತ್ತಾಯದ ರುಚಿ ನಮಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಅದೇ ಕಾರಣಕ್ಕೆ ನಮ್ಮಲ್ಲಿ ಯಾರಾದರೂ ಇನ್ನೊಬ್ಬರ ಆಚಾರವನ್ನು ‘ಸೈತಾನನದು’ ಅಂದರೆ ನನಗೆ ತಡೆಯಲು ಆಗುವುದಿಲ್ಲ.

ಇನ್ನು ದುಡ್ಡಿನ ಮಾತು. ದಲಿತರೊಬ್ಬರು ಕ್ರೈಸ್ತರಾದರೆ 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಮೀಸಲಾತಿ ಕಳೆದುಕೊಳ್ಳುತ್ತಾರೆ. ಲೆಕ್ಕ ಹಾಕಿ ಬರುವವರಿಗೆ ಇದು ಲಾಭದ ವ್ಯಾಪಾರ ಅಲ್ಲ.

"ಬಸ್‌ಸ್ಟ್ಯಾಂಡಲ್ಲಿ ಪುಸ್ತಕ ಹಂಚ್ತಾರಲ್ಲ, ಅವರನ್ನ ನೋಡಿದ್ರೆ ಮುಜುಗರ ಆಗಲ್ವಾ?"

ಆಗುತ್ತದೆ. ಒಮ್ಮೆ ಹಂಚುವವನೊಬ್ಬ ನನಗೇ ‘ಅಕ್ಕ, ಯೇಸು ಗೊತ್ತಾ?’ ಅಂದ. ‘ಗೊತ್ತು, ದಿನಾ ಮಾತಾಡ್ತೀವಿ’ ಅಂದೆ. ಪಾಪ, ಗಲಿಬಿಲಿಯಾದ.

ಆದರೆ ಮುಜುಗರ ಒಂದು, ತಪ್ಪು ಇನ್ನೊಂದು. ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಕಾಗದವನ್ನು ನೀವು ಬೇಡ ಅನ್ನಬಹುದು, ಚುರುಮುರಿ ಪೊಟ್ಟಣ ಮಾಡಬಹುದು, ಬಸ್ಸು ಹತ್ತಿ ಹೋಗಿಬಿಡಬಹುದು. ಚುನಾವಣೆ, ಕೋಚಿಂಗ್ ಕ್ಲಾಸು, ಮೂಲವ್ಯಾಧಿಯ ಕರಪತ್ರಗಳನ್ನೂ ಹಾಗೇ ಸಹಿಸಿಕೊಳ್ಳುತ್ತೇವೆ ಅಲ್ವಾ? ನನಗೆ ಭಯವಾಗುವುದು ಬೇಡ ಅನ್ನಲು ಆಗದ ಜಾಗದಲ್ಲಿ ಕೊಟ್ಟಾಗ.

"ನೀವು ಯಾವತ್ತೂ ಯಾರಿಗೂ ಒತ್ತಾಯ ಮಾಡಿಲ್ವಾ? ನಿಜ ಹೇಳಿ."

ಮಾಡಿದ್ದೇನೆ. ಬೆಂಗಳೂರಿಗೆ ಬಂದ ಹೊಸದು. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯ ತಾಯಿ ಆಸ್ಪತ್ರೆ ಸೇರಿದರು. ನಾನು ದಿನ ಬಿಟ್ಟು ದಿನ ಕ್ಯಾರಿಯರ್‌ನಲ್ಲಿ ಗಂಜಿ, ತಿಳಿಸಾರು ಒಯ್ಯುತ್ತಿದ್ದೆ. ಒಂದು ಸಂಜೆ ಗೆಳತಿ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಆ ತಾಯಿಯ ಕೈ ಹಿಡಿದು ಜೋರಾಗಿ ಪ್ರಾರ್ಥನೆ ಮಾಡಿದೆ. ಯೇಸುವನ್ನು ನಂಬಿದರೆ ವಾಸಿಯಾಗುತ್ತದೆ ಅಂದೆ. ಒಂದು ಪ್ರಾರ್ಥನೆಯ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟೆ. ಅವರು ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿಕೊಂಡರು. ನನಗೋ, ಅದೇ ಒಪ್ಪಿಗೆ ಅನ್ನಿಸಿತು.

ಮರುದಿನ ಗೆಳತಿ ಕ್ಯಾರಿಯರ್ ತೊಳೆದು ವಾಪಸ್ಸು ಕೊಟ್ಟಳು. ಥ್ಯಾಂಕ್ಸ್ ಅಂದಳು. ಮನೆಗೆ ಬಂದು ತೆಗೆದರೆ ಮೇಲಿನ ಡಬ್ಬಿಯಲ್ಲಿ ಆ ಹಾಳೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

ಅವಳು ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ. ಡ್ರಿಪ್ ಹಾಕಿಸಿಕೊಂಡು ಮಲಗಿದವರು ಎದ್ದು ಹೋಗಲು ಆಗುವುದಿಲ್ಲ. ಗಂಜಿ ತಂದವಳನ್ನು ಗದರಿಸಲೂ ಆಗುವುದಿಲ್ಲ. ಪ್ರಾರ್ಥನೆ ತಪ್ಪಲ್ಲ, ನಾನು ಅದನ್ನು ಗಂಜಿಗೆ ಕಟ್ಟಿದ್ದು ತಪ್ಪು. ಅಂದಿನಿಂದ ನನಗೊಂದು ಅಳತೆ ಸಿಕ್ಕಿದೆ: ಎದುರಿಗಿರುವವರು ‘ಬೇಡ’ ಅಂದರೆ ಅವರಿಗೆ ಏನಾದರೂ ಕಳೆದುಹೋಗುತ್ತದಾ? ಊಟ, ಕೆಲಸ, ಶಾಲೆಯ ಸೀಟು, ಗೆಳೆತನ, ಯಾವುದೇ ಆಗಲಿ, ಕಳೆದುಹೋಗುವುದಾದರೆ ಅದು ಒತ್ತಾಯ.

"ಮಿಷನರಿಗಳು ಶಾಲೆ, ಆಸ್ಪತ್ರೆ ಕಟ್ಟಿದ್ದೆಲ್ಲಾ ಮತಾಂತರಕ್ಕೇ ಅಲ್ವಾ?"

ಅವರು ಸುವಾರ್ತೆ ಸಾರಲೆಂದೇ ಬಂದವರು. ಅದನ್ನು ಅವರೇ ಮುಚ್ಚಿಟ್ಟಿಲ್ಲ, ನಾನ್ಯಾಕೆ ಮುಚ್ಚಿಡಲಿ? ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಶುರುಮಾಡಿದರು, ಕನ್ನಡದ ಮೊದಲ ಪತ್ರಿಕೆ. ಅದೇ ಮೊಗ್ಲಿಂಗ್ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಮತಪ್ರಚಾರಕ್ಕೆ ಬಂದವರು ಪುರಂದರದಾಸರನ್ನು ಅಚ್ಚಿಗೆ ತಂದರು ಅಂದರೆ ಈಗಿನ ಕೆಲವು ಪಾಸ್ಟರುಗಳಿಗೂ ನಂಬಿಕೆ ಬರಲಿಕ್ಕಿಲ್ಲ. ಕಿಟೆಲ್ 1853ರಲ್ಲಿ ಬಂದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಜನರನ್ನು ಬದಲಾಯಿಸಲು ಬಂದವರನ್ನು ಕನ್ನಡವೇ ಎಷ್ಟೋ ಬದಲಾಯಿಸಿತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಮುಖವೂ ಇದೆ. ಆ ಕಾಲದಲ್ಲಿ ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಜಾತಿಯ ಕಸುಬೂ ತಪ್ಪುತ್ತಿತ್ತು. ಅವರಿಗೆ ದುಡಿಮೆ ಬೇಕು ಅಂತ ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಮಂಗಳೂರು ಹೆಂಚಿನ ಕತೆ ಶುರುವಾದದ್ದು ಹೀಗೆ. ಇದನ್ನು ಆಮಿಷ ಅನ್ನುವವರಿದ್ದಾರೆ, ಆಸರೆ ಅನ್ನುವವರಿದ್ದಾರೆ. ಬೀದಿಗೆ ಬಿದ್ದವರಿಗೆ ಕೆಲಸ ಕೊಟ್ಟದ್ದು ನನಗೆ ಆಸರೆಯಾಗಿಯೇ ಕಾಣುತ್ತದೆ. ಕೆಲಸ ಬೇಕಾದರೆ ಮೊದಲು ದೀಕ್ಷಾಸ್ನಾನ (ಕ್ರೈಸ್ತರಾಗುವ ಶಾಸ್ತ್ರ) ತಗೋ ಅಂದಿದ್ದರೆ, ಎಲ್ಲಿ ಅಂದಿದ್ದರೂ, ಅದು ಆಮಿಷವೇ.

## ಗಟ್ಟಿ ಪ್ರಶ್ನೆಗಳು

"ಬೈಬಲ್‌ನಲ್ಲೇ ‘ಹೋಗಿ ಎಲ್ಲರನ್ನೂ ಶಿಷ್ಯರನ್ನಾಗಿ ಮಾಡಿ’ ಅಂತ ಇದೆಯಲ್ಲ? ಹಾಗಾದ್ರೆ ಸುಮ್ನೆ ಇರೋ ಕ್ರಿಶ್ಚಿಯನ್ ಅರ್ಧ ಕ್ರಿಶ್ಚಿಯನ್ನೇ ಅಲ್ವಾ?"

ಇದೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ, 28ನೇ ಅಧ್ಯಾಯ. ಅದನ್ನು ಹರಿದು ಹಾಕಿ ‘ಒಳ್ಳೆಯ ಕ್ರಿಶ್ಚಿಯನ್’ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ‘ಹೋಗಿ’ ಅಂದವರು ತಾವು ಹೇಗೆ ಹೋದರು ಅನ್ನುವುದನ್ನೂ ಅದೇ ಪುಸ್ತಕದಲ್ಲಿ ನೋಡಬೇಕಲ್ಲ.

ಲೂಕನ 9ನೇ ಅಧ್ಯಾಯದಲ್ಲಿ ಒಂದು ಸಮಾರ್ಯದ ಹಳ್ಳಿ ಯೇಸುವಿಗೆ ಜಾಗ ಕೊಡುವುದಿಲ್ಲ. ಶಿಷ್ಯರಿಬ್ಬರಿಗೆ ಸಿಟ್ಟು ಬಂದು, ಆಕಾಶದಿಂದ ಬೆಂಕಿ ಸುರಿಸೋಣವಾ ಅಂತ ಕೇಳುತ್ತಾರೆ. ಯೇಸು ಗದರಿಸುವುದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಬೇರೆ ಹಳ್ಳಿಗೆ ಹೋಗುತ್ತಾರೆ. ಮಾರ್ಕನ 10ನೇ ಅಧ್ಯಾಯದಲ್ಲಿ ಒಬ್ಬ ಶ್ರೀಮಂತ ಬರುತ್ತಾನೆ, ಯೇಸುವಿನ ಮಾತು ಭಾರವಾಗಿ ಮುಖ ಸಪ್ಪೆ ಮಾಡಿಕೊಂಡು ಹೊರಟು ಹೋಗುತ್ತಾನೆ. ಯೇಸುವಿಗೆ ಅವನ ಮೇಲೆ ಪ್ರೀತಿ ಬಂತು ಅಂತಲೂ ಅಲ್ಲೇ ಬರೆದಿದೆ. ಆದರೂ ಹಿಂದೆ ಓಡಿ ಹೋಗಿ ಶರ್ಟು ಹಿಡಿದು ಜಗ್ಗಲಿಲ್ಲ. ಅಷ್ಟೇ ಏಕೆ, ಒಬ್ಬನನ್ನು ಮತಕ್ಕೆ ಸೇರಿಸಲು ಭೂಮಿ ಸಮುದ್ರ ಸುತ್ತುವ ಧರ್ಮಪಂಡಿತರಿಗೆ ಮತ್ತಾಯನ 23ರಲ್ಲಿ ಬೀಳುವ ಬೈಗುಳ ಓದಿ ನೋಡಿ. ಅವರು ಸೇರಿಸಿಕೊಂಡವನನ್ನು ತಮಗಿಂತ ಕೆಟ್ಟವನನ್ನಾಗಿ ಮಾಡುತ್ತಾರೆ ಅನ್ನುವುದು ಯೇಸುವಿನ ದೂರು. ಕರಪತ್ರಗಳಲ್ಲಿ ಈ ವಚನ ನಾನು ಯಾವತ್ತೂ ನೋಡಿಲ್ಲ.

ನಾನು ಸುಮ್ಮನೆ ಇರುವವಳೂ ಅಲ್ಲ. ಯಾಕೆ ನಂಬುತ್ತೀರಿ ಅಂತ ಕೇಳಿದರೆ ಹೇಳುತ್ತೇನೆ, ಟೀ ಆರುವವರೆಗೂ. ಪೇತ್ರನ ಮೊದಲ ಪತ್ರ ಹೇಳುವುದೂ ಅದೇ: ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರು, ಆದರೆ ಸಾತ್ವಿಕವಾಗಿ, ಮರ್ಯಾದೆಯಿಂದ.

"ಯೇಸು ಒಬ್ಬನೇ ದಾರಿ ಅಂತೀರಾ? ಹಾಗಾದ್ರೆ ನಾನು ನರಕಕ್ಕಾ?"

‘ನಾನೇ ದಾರಿ’ ಅನ್ನುವ ಮಾತು ಯೋಹಾನನ 14ನೇ ಅಧ್ಯಾಯದಲ್ಲಿದೆ. ನಾನು ಅದನ್ನು ನಂಬುತ್ತೇನೆ. ಎಲ್ಲಾ ಒಂದೇ, ಏನಾದರೂ ನಂಬಿ ಅಂತ ನಾನು ಹೇಳಿದರೆ ಅದು ನಿಮ್ಮನ್ನು ಖುಷಿಪಡಿಸಲು ಆಡುವ ಸುಳ್ಳು. ಸಹನೆ ಬೇಕಾಗುವುದೇ ಅಭಿಪ್ರಾಯ ಬೇರೆ ಇದ್ದಾಗ.

ಆದರೆ ಯಾರು ಎಲ್ಲಿಗೆ ಹೋಗುತ್ತಾರೆ ಅನ್ನುವ ಪಟ್ಟಿ ನನ್ನ ಕೈಯಲ್ಲಿಲ್ಲ. ನಮ್ಮ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ದೇವರನ್ನು ಪ್ರಾಮಾಣಿಕವಾಗಿ ಹುಡುಕಿದರೆ ಅವರಿಗೂ ರಕ್ಷಣೆ ಸಾಧ್ಯ. 1965ರ ಅಕ್ಟೋಬರ್ 28ರಂದು ಬಂದ ‘ನೋಸ್ತ್ರಾ ಏತಾತೆ’ ಅನ್ನುವ ಘೋಷಣೆ ಹಿಂದೂ, ಬೌದ್ಧ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿ ನಿಜವೂ ಪವಿತ್ರವೂ ಆದದ್ದನ್ನು ಸಭೆ ತಳ್ಳಿಹಾಕುವುದಿಲ್ಲ ಅಂದಿತು. ಇದನ್ನು ಒಪ್ಪದ ಕ್ರೈಸ್ತ ಪಂಗಡಗಳಿವೆ. ಅವರ ಜೊತೆ ನನ್ನ ವಾದ ಬೇರೆಯೇ ನಡೆಯುತ್ತಿದೆ.

"ಕಾನೂನು ಏನನ್ನುತ್ತೆ? ಪ್ರಚಾರ ಮಾಡೋದೇ ಅಪರಾಧನಾ?"

ಅಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಪ್ರಚಾರ ಅಂದರೆ ನಿನ್ನ ಧರ್ಮದ ವಿಷಯ ತಿಳಿಸುವುದು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಇಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಅಂದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು.

ಬಲವಂತ, ಮೋಸ, ಆಮಿಷ ತಪ್ಪು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಮನಸ್ಸು ಬದಲಾಯಿಸಿದ್ದಕ್ಕೆ ಅರ್ಜಿ ಹಾಕಬೇಕು ಅನ್ನುವುದಕ್ಕೆ ಇದೆ. ನನ್ನ ಅಳತೆ ಇಲ್ಲಿಗೂ ಸಲ್ಲುತ್ತದೆ: ಒಬ್ಬರು ‘ಬೇಡ’ ಅನ್ನಲು ಎಷ್ಟು ಸ್ವತಂತ್ರರೋ ‘ಬೇಕು’ ಅನ್ನಲೂ ಅಷ್ಟೇ ಸ್ವತಂತ್ರರಿರಬೇಕು.

"ಚರ್ಚ್ ಮೇಲೆ ಕಲ್ಲು ಬಿದ್ದಾಗಲೂ ಸಹನೆ ಅಂತೀರಾ? ಕೋಪ ಬರಲ್ವಾ?"

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರು ಕಡೆ ಒಂದೇ ದಿನ ಹಲವು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಮತಾಂತರ ಮಾಡುತ್ತಾರೆ ಅನ್ನುವುದು ಆರೋಪ. ದಾಳಿಯಾದ ಜಾಗಗಳಲ್ಲಿ ಮಿಲಾಗ್ರಿಸ್ ಚರ್ಚಿನ ಹತ್ತಿರದ ಅಡೋರೇಷನ್ ಮಠವೂ ಒಂದು. ಅಲ್ಲಿನ ಸಿಸ್ಟರ್‌ಗಳು ಗೋಡೆಯೊಳಗೆ ಪ್ರಾರ್ಥನೆಯಲ್ಲೇ ಬದುಕುವವರು, ಬೀದಿಗೆ ಬಂದು ಬಾಗಿಲು ತಟ್ಟುವವರಲ್ಲ. ಕೋಪ ಬಂತು, ಈಗಲೂ ಬರುತ್ತದೆ. ಸಹನೆ ಅಂದರೆ ದೂರು ಕೊಡಬಾರದು, ನ್ಯಾಯ ಕೇಳಬಾರದು ಅಂತ ಅಲ್ಲ. ಅವತ್ತು ರಾತ್ರಿ ಊರಿನಿಂದ ಅಮ್ಮ ಫೋನ್ ಮಾಡಿದಾಗ ಮನೆಯಲ್ಲಿ ಪಕ್ಕದ ಮನೆಯ ಶೆಟ್ಟರೂ ಅವರ ಮಗನೂ ಕೂತಿದ್ದರು. ‘ಬೆಳಿಗ್ಗೆವರೆಗೂ ಇರ್ತಾರಂತೆ, ಕಾಫಿ ಮಾಡ್ತಿದ್ದೇನೆ’ ಅಂದರು ಅಮ್ಮ.

"ನಿಮ್ಮ ಮಗಳು ಹಿಂದೂ ಹುಡುಗನ್ನ ಇಷ್ಟಪಟ್ರೆ? ಆವಾಗ ನೋಡೋಣ ನಿಮ್ಮ ಸಹನೆ!"

ಒಳ್ಳೆಯ ಪಟ್ಟು. ಮೊದಲು ಅಳುತ್ತೇನೆ ಅಂತ ಕಾಣುತ್ತದೆ. ಆಮೇಲೆ ಹುಡುಗನಿಗೆ ಅಡುಗೆ ಬರುತ್ತದಾ ಅಂತ ಕೇಳುತ್ತೇನೆ.

ನಮ್ಮ ಸಭೆಯಲ್ಲಿ ಬಿಷಪರ ಅನುಮತಿ ಪಡೆದು, ದೀಕ್ಷಾಸ್ನಾನ ಆಗದವರನ್ನು ಇಗರ್ಜಿಯಲ್ಲೇ ಮದುವೆಯಾಗಬಹುದು. ಇದು ತುಂಬ ಜನರಿಗೆ ಗೊತ್ತಿಲ್ಲ. ಹುಡುಗ ಮತ ಬದಲಿಸಬೇಕಿಲ್ಲ. ಮಕ್ಕಳನ್ನು ಕೆಥೋಲಿಕರಾಗಿ ಬೆಳೆಸಲು ಪ್ರಯತ್ನಿಸುತ್ತೇನೆ ಅಂತ ಮಾತು ಕೊಡಬೇಕಾದದ್ದು ಮಗಳು, ಅದು ಹುಡುಗನಿಗೆ ಗೊತ್ತಿರಬೇಕು. ಅದೂ ಬೇಡ ಅಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸು. ಮದುವೆಗಾಗಿ ದೀಕ್ಷಾಸ್ನಾನ ತಗೋ ಅಂತ ನಾನು ಅವನಿಗೆ ಹೇಳುವುದಿಲ್ಲ. ಮದುವೆಗಾಗಿ ಹೆಸರು, ದೇವರು ಬದಲಾಯಿಸು ಅಂತ ಅವರ ಮನೆಯವರೂ ನನ್ನ ಮಗಳಿಗೆ ಹೇಳಬಾರದು.

"ನಾನೂ ಕ್ರಿಶ್ಚಿಯನ್ನೇ. ವಾರಕ್ಕೆ ಒಬ್ಬರಿಗಾದ್ರೂ ಸಾಕ್ಷಿ ಹೇಳ್ಲೇಬೇಕು ಅಂತಾರೆ ಸಭೆಯಲ್ಲಿ. ಹಾಸ್ಟೆಲ್ ಫ್ರೆಂಡ್ಸ್ ನನ್ನ ಕಂಡ್ರೆ ಓಡ್ತಾರೆ. ಏನ್ ಮಾಡ್ಲಿ?"

ತಮ್ಮಾ, ಲೆಕ್ಕ ಇಡಲು ಶುರುಮಾಡಿದ ದಿನವೇ ಅವರು ನಿನಗೆ ಫ್ರೆಂಡ್ಸ್ ಆಗಿ ಉಳಿಯಲಿಲ್ಲ, ಗಿರಾಕಿಗಳಾದರು. ಅದು ಅವರಿಗೆ ವಾಸನೆ ಬಡಿದಿದೆ. ಒಂದು ಆರು ತಿಂಗಳು ಏನೂ ಹೇಳಬೇಡ. ಅವರ ಊರಿನ ಜಾತ್ರೆಗೆ ಹೋಗು, ಅವರ ದೇವರ ಕತೆ ಕೇಳು, ಮಧ್ಯದಲ್ಲಿ ‘ಆದ್ರೆ ಬೈಬಲ್‌ನಲ್ಲಿ...’ ಅಂತ ಬಾಯಿ ಹಾಕಬೇಡ. ಸಭೆಯಲ್ಲಿ ಕೇಳಿದರೆ ‘ಈ ವಾರ ಕೇಳಿಸಿಕೊಂಡೆ’ ಅನ್ನು. ಪಾಸ್ಟರ್ ಅಯ್ಯನವರು ಸಿಟ್ಟಾದರೆ ಲೂಕ 9 ಓದಿ ತೋರಿಸು, ಮರ್ಯಾದೆಯಿಂದ.

"ನೀವು ಚರ್ಚಿಗೆ ಹೋದಾಗ ನಮಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀರಾ?"

ಮತಾಂತರದ ಪ್ರಶ್ನೆಗಿಂತ ಜಾಸ್ತಿ ಸಲ ನನ್ನನ್ನು ಕೇಳಿರುವುದು ಇದನ್ನೇ. ಕೇಳುವವರು ಹೆಚ್ಚಾಗಿ ಕ್ರೈಸ್ತರಲ್ಲ. ಜನವರಿಯಲ್ಲಿ ಅತ್ತೂರು ಸಂತ ಲಾರೆನ್ಸರ ಜಾತ್ರೆಯಲ್ಲಿ, ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಸೇಂಟ್ ಮೇರಿಸ್‌ನಲ್ಲಿ ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಲ್ಲಾ ಜಾತಿ ಧರ್ಮದವರೂ ಇರುತ್ತಾರೆ. ಅವರನ್ನು ಯಾರೂ ಕರೆತಂದದ್ದಲ್ಲ. ಬಂದು, ಹರಕೆ ತೀರಿಸಿ, ಮನೆಗೆ ಹೋಗುತ್ತಾರೆ.

ಮಾಡುತ್ತೇನೆ. ಹೆಸರು ಹೇಳಿದರೆ ಸಾಕು, ಕಾರಣ ಹೇಳಬೇಕಿಲ್ಲ. ಮಾಡಿದೆ ಅಂತ ಆಮೇಲೆ ನೆನಪಿಸುವುದಿಲ್ಲ, ವಾಸಿಯಾದರೆ ಯೇಸುವಿನ ಲೆಕ್ಕಕ್ಕೆ ಬರೆಯಿರಿ ಅನ್ನುವುದೂ ಇಲ್ಲ. ನಮ್ಮ ಅಕೌಂಟ್ಸ್ ಮೇಡಂ ಪ್ರತಿ ಗುರುವಾರ ಜಯನಗರದ ರಾಯರ ಮಠಕ್ಕೆ ಹೋಗುತ್ತಾರೆ. ನಾನು ಗುರುವಾರ ವಿವೇಕನಗರದ ಬಾಲಯೇಸುವಿನ ಹತ್ತಿರ ಹೋಗುತ್ತೇನೆ. ಐದೂವರೆಗೆ ಇಬ್ಬರೂ ಬ್ಯಾಗು ಎತ್ತುತ್ತೇವೆ. ಅವರ ಮಗನ ಸಿಇಟಿ ಇದ್ದ ವಾರ ನಾನು ಒಂದು ಬತ್ತಿ ಹೆಚ್ಚು ಹಚ್ಚಿದೆ. ನನ್ನ ಆಪರೇಷನ್ ಆದಾಗ ಅವರು ಮಂಡಿ ನೋವು ಇಟ್ಟುಕೊಂಡು ಹೆಜ್ಜೆ ನಮಸ್ಕಾರ ಹಾಕಿದ್ದಾರೆ. ಅದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅವರ ಗಂಡನ ಬಾಯಿಂದ.